ಕರ್ನಲ್ ಬದಲಿಸುವ ಮುನ್ನ ಡಿಸ್ಕ್ ಫೈಲ್ ಪರೀಕ್ಷಿಸಿ

ವರ್ಚುವಲ್ ಮಷೀನ್‌ಗಳ (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರುಗಳ) ಬ್ಯಾಕಪ್ ಕೆಲಸವನ್ನು ಹೊರಗಿನ ಗುತ್ತಿಗೆಗೆ ಕೊಟ್ಟಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಲೆಕ್ಕಪತ್ರ ವಿಭಾಗದ ಲಿನಕ್ಸ್ ಮಷೀನ್ ಉಳಿದೆಲ್ಲ ಕೆಲಸಕ್ಕೂ ಚೆನ್ನಾಗಿಯೇ ಇತ್ತು. ಹಳೆಯ ಬಿಲ್ಲುಗಳ ಒಂದು ಫೋಲ್ಡರ್ ಮುಟ್ಟಿದರೆ ಮಾತ್ರ ಕರ್ನಲ್ ಪ್ಯಾನಿಕ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಕೈಚೆಲ್ಲಿ ಇಡೀ ಮಷೀನ್ ನಿಂತುಬಿಡುವುದು. ಯಾವಾಗ ಮುಟ್ಟಿದರೂ ಅಷ್ಟೇ.

ಗುತ್ತಿಗೆ ಸಂಸ್ಥೆಯವರ ತೀರ್ಪು ಫೋನಿನಲ್ಲೇ ಬಂತು: ‘ಸರ್, ಇದು ಕರ್ನಲ್ ಬಗ್.’ ಹೊಸ ಕರ್ನಲ್ ಹಾಕಿದರು, ಬಿತ್ತು. ಹಳೆಯದಕ್ಕೆ ಮರಳಿದರು, ಆಗಲೂ ಬಿತ್ತು. ಯಾವ ಕರ್ನಲ್ ಹಾಕಿದರೂ ಅದೇ ಫೋಲ್ಡರಿನಲ್ಲಿ ಎಡವುತ್ತಿದ್ದರೆ ತಪ್ಪು ಕರ್ನಲ್‌ನದೇ ಎಂದು ಹಟ ಹಿಡಿಯುವುದು ಹೇಗೆ?

ಪ್ಯಾನಿಕ್ ಆದಾಗ ಪರದೆಯ ಮೇಲೆ ಉಳಿಯುವುದು ಕೊನೆಯ ಕೆಲವು ಸಾಲುಗಳು ಮಾತ್ರ. ಬೇಕಾದದ್ದು ಮೇಲೆ ಸರಿದುಹೋಗಿರುತ್ತದೆ. ಗೆಸ್ಟ್‌ನ (ಆ ವರ್ಚುವಲ್ ಮಷೀನ್‌ನ) ಕನ್ಸೋಲನ್ನು ಸೀರಿಯಲ್ ಪೋರ್ಟಿಗೆ ತಿರುಗಿಸಿ, ಅದನ್ನು ಹೋಸ್ಟ್‌ನಲ್ಲಿ (ಆ ಮಷೀನನ್ನು ಓಡಿಸುವ ಕಂಪ್ಯೂಟರಿನಲ್ಲಿ) ಫೈಲಿಗೆ ಬರೆಸಿದೆವು. ಮೊದಲು ಡೈರೆಕ್ಟರಿ ಕೆಟ್ಟಿದೆಯೆಂದು ಇಎಕ್ಸ್‌ಟಿ4 (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ) ದೂರಿದ ಸಾಲುಗಳು, ಅವುಗಳ ಕೆಳಗೆ ‘ಪ್ಯಾನಿಕ್ ಫೋರ್ಸ್ಡ್ ಆಫ್ಟರ್ ಎರರ್’. ದೋಷ ಕಂಡೊಡನೆ ನಿಂತುಬಿಡು ಎಂದು ಫೈಲ್ ಸಿಸ್ಟಂಗೆ ‘ಎರರ್ಸ್=ಪ್ಯಾನಿಕ್’ ಆಯ್ಕೆ ಕೊಡಲಾಗಿತ್ತು. ಪಾಪ, ಕರ್ನಲ್ ಹೇಳಿದಂತೆ ಕೇಳಿತ್ತು.

ಮಷೀನ್ ನಿಲ್ಲಿಸಿ ಅದರ ಇಡೀ ಡಿಸ್ಕನ್ನು ಹಿಡಿದಿಡುವ ಕ್ಯೂಕೌ2 ಡಿಸ್ಕ್ ಫೈಲನ್ನು, ವರ್ಚುವಲ್ ಮಷೀನ್ ಓಡಿಸುವ ಪ್ರೋಗ್ರಾಂ ಕ್ಯೂಇಎಂಯು ಜೊತೆಗೆ ಬರುವ ‘ಕ್ಯೂಇಎಂಯು-ಐಎಂಜಿ ಚೆಕ್’ನಿಂದ ಪರೀಕ್ಷಿಸಿದರೆ ರೆಫರೆನ್ಸ್ ಕೌಂಟ್ (ಡಿಸ್ಕ್ ಫೈಲಿನ ಪ್ರತಿ ತುಂಡು ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಲೆಕ್ಕ) ದೋಷಗಳ ಸಾಲೇ ಸಾಲು. ಮೂಲ ಸಿಕ್ಕಿದ್ದು ಹೋಸ್ಟ್‌ನ ಕ್ರಾನ್‌ಟ್ಯಾಬ್‌ನಲ್ಲಿ, ಅಂದರೆ ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸಗಳ ಪಟ್ಟಿಯಲ್ಲಿ: ಸಂಸ್ಥೆಯವರ ಸ್ಕ್ರಿಪ್ಟ್ ಪ್ರತಿ ರಾತ್ರಿ, ಮಷೀನ್ ಓಡುತ್ತಿರುವಾಗಲೇ, ‘ಕ್ಯೂಇಎಂಯು-ಐಎಂಜಿ ಸ್ನ್ಯಾಪ್‌ಶಾಟ್’ (ಡಿಸ್ಕಿನ ಆ ಕ್ಷಣದ ಸ್ಥಿತಿಯನ್ನು ಉಳಿಸುವ) ಆದೇಶವನ್ನು ಡಿಸ್ಕ್ ಫೈಲಿನ ಮೇಲೆ ನೇರವಾಗಿ ಚಲಾಯಿಸುತ್ತಿತ್ತು. ಯಾವ ಕ್ಲಸ್ಟರ್ (ಡಿಸ್ಕ್ ಫೈಲಿನ ತುಂಡು) ಬಳಕೆಯಲ್ಲಿದೆ, ಯಾವುದು ಖಾಲಿ ಎಂಬ ಪಟ್ಟಿಯನ್ನು ಓಡುತ್ತಿರುವ ಕ್ಯೂಇಎಂಯು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ಇನ್ನೊಂದು ಪ್ರೋಗ್ರಾಂ ಅದೇ ಪಟ್ಟಿಯನ್ನು ಫೈಲಿನಲ್ಲಿ ತಿದ್ದಿದರೆ, ಒಂದು ಹಿಡಿದ ಕ್ಲಸ್ಟರನ್ನೇ ಇನ್ನೊಂದೂ ಖಾಲಿಯೆಂದು ಹಿಡಿಯುತ್ತದೆ. ಒಂದೇ ಖಾತೆಯನ್ನು ಇಬ್ಬರು ಗುಮಾಸ್ತರು ಪರಸ್ಪರ ತಿಳಿಸದೆ ತಿದ್ದಿದ ಹಾಗೆ. ಹೀಗೆ ಮಾಡಬಾರದೆಂದು ಆ ಸಾಧನದ ಕೈಪಿಡಿಯಲ್ಲೇ ಬರೆದಿದೆ. 2017ರ 2.10 ಆವೃತ್ತಿಯಿಂದೀಚೆಗೆ ಕ್ಯೂಇಎಂಯು ಫೈಲಿಗೆ ಬೀಗ ಹಾಕಿಕೊಂಡು ಇಂಥದ್ದನ್ನು ತಡೆಯುತ್ತದೆ. ನಮ್ಮ ಹೋಸ್ಟ್ ಸೆಂಟ್‌ಒಎಸ್ 7. ಅದರೊಂದಿಗೆ ಬಂದ ಕ್ಯೂಇಎಂಯು 1.5.3ರಲ್ಲಿ ಆ ಬೀಗವಿಲ್ಲ.

ಇಲ್ಲಿಗೇ ಮುಗಿದಿದ್ದರೆ ಬಚಾವಾಗುತ್ತಿದ್ದೆವು. ನಾವು ಲಾಗ್ ಓದುತ್ತಿದ್ದಾಗ ಅವರ ಎಂಜಿನಿಯರ್ ದೂರದಿಂದಲೇ ಲಾಗಿನ್ ಆಗಿ, ಪ್ರತಿ ತೆಗೆಯದೆ, ಮೂಲ ಡಿಸ್ಕಿನ ಮೇಲೆಯೇ ಫೈಲ್ ಸಿಸ್ಟಂ ದುರಸ್ತಿ ಮಾಡುವ ‘ಎಫ್‌ಎಸ್‌ಸಿಕೆ’ ಓಡಿಸಿದರು, ಅದೂ ಎಲ್ಲ ಪ್ರಶ್ನೆಗೂ ಹೌದು ಎನ್ನುವ ಆಯ್ಕೆಯೊಂದಿಗೆ. ಬಿಲ್ಲುಗಳು ದಿಕ್ಕಿಲ್ಲದ ಫೈಲುಗಳನ್ನು ಹಾಕುವ ‘ಲಾಸ್ಟ್+ಫೌಂಡ್’ ಫೋಲ್ಡರ್ ಸೇರಿದವು. ಹೆಸರಿಲ್ಲ, ತಿಂಗಳಿಲ್ಲ, ಬರೀ ಐನೋಡ್ (ಫೈಲ್ ಸಿಸ್ಟಂನ ಒಳಗುರುತಿನ) ಸಂಖ್ಯೆಗಳು. ಕೆಲವು ಪಿಡಿಎಫ್‌ಗಳು ಅರ್ಧಕ್ಕೇ ನಿಲ್ಲುತ್ತವೆ. ಹಿಂದಿನ ಸ್ನ್ಯಾಪ್‌ಶಾಟ್‌ಗೆ ಮರಳೋಣವೆಂದರೆ ಅದೂ ಇದ್ದದ್ದು ಅದೇ ಕೆಟ್ಟ ಫೈಲಿನೊಳಗೆ! ಇದನ್ನು ಬ್ಯಾಕಪ್ ಎಂದು ಕರೆದು ಹಣ ಪಡೆಯುತ್ತಿದ್ದರು.

ಪದೇ ಪದೇ ಮರುಕಳಿಸುವ ಪ್ಯಾನಿಕ್ ಎದುರಾದರೆ ಮೊದಲು ಮಷೀನ್ ನಿಲ್ಲಿಸಿ, ಡಿಸ್ಕ್ ಫೈಲನ್ನು ಬೇರೆಡೆಗೆ ನಕಲು ಮಾಡಿ. ಮತ್ತೆ ಬೀಳಿಸಿ ನೋಡುವುದು, ರಿಪೇರಿ ಮಾಡುವುದು ಎಲ್ಲವೂ ಆ ನಕಲಿನ ಮೇಲಿರಲಿ. ಓಡುತ್ತಿರುವ ಮಷೀನ್‌ನ ಸ್ನ್ಯಾಪ್‌ಶಾಟ್ ಬೇಕಿದ್ದರೆ ‘ವಿರ್ಶ್’ (ವರ್ಚುವಲ್ ಮಷೀನ್‌ಗಳನ್ನು ನಿರ್ವಹಿಸುವ ಆದೇಶ) ಮೂಲಕ, ಅಂದರೆ ಕ್ಯೂಇಎಂಯುವಿಗೇ ಹೇಳಿ ತೆಗೆಸಿ. ಹೋಸ್ಟ್‌ನ ಕ್ರಾನ್‌ಟ್ಯಾಬ್ ಮತ್ತು ಅದು ಕರೆಯುವ ಸ್ಕ್ರಿಪ್ಟ್‌ಗಳಲ್ಲಿ ‘ಕ್ಯೂಇಎಂಯು-ಐಎಂಜಿ’ ಎಲ್ಲೆಲ್ಲಿದೆ ಎಂದು ಇಂದೇ ಹುಡುಕಿ. ರೂಟ್ (ಮುಖ್ಯ ನಿರ್ವಾಹಕನ) ಖಾತೆಯ ಕ್ರಾನ್‌ಟ್ಯಾಬನ್ನಷ್ಟೇ ನೋಡಿ ಬಿಡಬೇಡಿ, ನಮ್ಮಲ್ಲಿ ಅದು ಬ್ಯಾಕಪ್ಪಿಗೆಂದೇ ಮಾಡಿದ ಬಳಕೆದಾರನ ಖಾತೆಯಲ್ಲಿತ್ತು.