ಸೈನಿಕರ ಹಳೇ ಫೋಟೋ ಕಾರ್ಡ್ ಹುಡುಕೋರು ಹೋಗ್ಲೇಬೇಕಾದ ಹ್ಯಾಂಪ್‌ಶೈರ್ ಅಂಗಡಿ

ರೇಟಿಂಗ್ ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 4. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅನ್ನೋದು ಕೆಳಗಿದೆ. ಅಂಗಡಿ ಇರೋದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ, ಸೌತಾಂಪ್ಟನ್‌ನಿಂದ ಸ್ವಲ್ಪ ದೂರ, ಒಂದು ಆಂಟಿಕ್ ಸೆಂಟರ್‌ನ ಮಹಡಿ ಮೇಲೆ ಮೂಲೆಯಲ್ಲಿ ಎರಡು ಟೇಬಲ್ಲು ಒಂದು ಬೀರು, ಅಷ್ಟೇ ಜಾಗ. ನಡೆಸೋ ಅಜ್ಜ ಇಂಟರ್ನೆಟ್‌ನಲ್ಲಿ ಹೆಸರು ಹಾಕ್ಬೇಡಿ ಅಂದಿದಾರೆ, ಹಾಗಾಗಿ ಹಾಕ್ತಿಲ್ಲ, ಈ ಕಡೆ ಇರೋ ಕನ್ನಡದವರು ಯಾರಾದ್ರೂ ಹೋಗ್ಬೇಕು ಅಂದ್ರೆ ಮೆಸೇಜ್ ಮಾಡಿ, ದಾರಿ ಹೇಳ್ತೀನಿ.

ಅಲ್ಲಿ ಸಿಗೋದು ಮುಖ್ಯವಾಗಿ ಮೊದಲನೇ ಮಹಾಯುದ್ಧದ ಕಾಲದ ಪೋಸ್ಟ್‌ಕಾರ್ಡ್‌ಗಳು, ಅದರಲ್ಲೂ ಯೂನಿಫಾರ್ಮ್ ಹಾಕ್ಕೊಂಡು ಸ್ಟುಡಿಯೋದಲ್ಲಿ ನಿಂತು ತೆಗೆಸ್ಕೊಂಡಿರೋ ಸೈನಿಕರ ಫೋಟೋ ಕಾರ್ಡ್. ಇದು ಪ್ರೆಸ್‌ನಲ್ಲಿ ಪ್ರಿಂಟ್ ಹೊಡೆದ ಕಾರ್ಡ್ ಅಲ್ಲ, ನೆಗೆಟಿವ್‌ನಿಂದ ನೇರವಾಗಿ ಫೋಟೋ ಪೇಪರ್ ಮೇಲೆ ತೆಗೆದ ನಿಜವಾದ ಫೋಟೋ. ಆ ಪೇಪರ್ ಕಂಪನಿಯಿಂದ ಬರೋವಾಗಲೇ ಹಿಂದೆ ಪೋಸ್ಟ್‌ಕಾರ್ಡ್ ಗೆರೆ ಹೊಡೆದಿರ್ತಿತ್ತು. ಬ್ರಿಟನ್‌ನಲ್ಲಿ 1902ರಿಂದ ಕಾರ್ಡಿನ ಹಿಂದುಗಡೆನೇ ಒಂದು ಅರ್ಧ ವಿಳಾಸ ಇನ್ನೊಂದು ಅರ್ಧ ಪತ್ರ ಬರೀಬಹುದು ಅಂತ ರೂಲ್ ಆಯ್ತು, ಮುಂದುಗಡೆ ಪೂರ್ತಿ ಚಿತ್ರಕ್ಕೆ ಖಾಲಿ ಸಿಕ್ತು, ಮುಂದಿನ ವರ್ಷ ಕೊಡಾಕ್‌ನವರು ಇದೇ ಸೈಜಿನ ನೆಗೆಟಿವ್ ತೆಗೆಯೋ 3ಎ ಕ್ಯಾಮೆರಾ ಬಿಟ್ರು. 1914ರಲ್ಲಿ ಯುದ್ಧ ಶುರುವಾದಾಗ ಪ್ರತಿ ಊರಲ್ಲೂ ಸ್ಟುಡಿಯೋ ರೆಡಿ ಇತ್ತು. ಫ್ರಾನ್ಸಿಗೆ ಹಡಗು ಹತ್ತೋ ಮುಂಚೆ ಹುಡುಗ ಸ್ಟುಡಿಯೋಗೆ ಹೋಗ್ತಿದ್ದ, ಅರ್ಧ ಡಜನ್ ಪ್ರಿಂಟ್ ಹಾಕಿಸ್ತಿದ್ದ, ಅಮ್ಮನಿಗೊಂದು, ಅಕ್ಕನಿಗೊಂದು, ಮದುವೆಯಾಗ್ಬೇಕಾದ ಹುಡುಗಿಗೊಂದು. ಸೌತಾಂಪ್ಟನ್ನೇ ಬ್ರಿಟಿಷ್ ಸೈನ್ಯ ಹಡಗು ಹತ್ತೋ ಮುಖ್ಯ ಬಂದರು ಆಗಿದ್ರಿಂದ ಈ ಸುತ್ತಮುತ್ತ ಮನೆಗಳಿಂದ ಇನ್ನೂ ಕಾರ್ಡ್ ಹೊರಗೆ ಬರ್ತಾನೇ ಇವೆ.

ಈ ಅಂಗಡಿ ಯಾಕೆ ಬೇರೆ ಅಂತ ಹೇಳ್ತೀನಿ. ಬೇರೆ ಡೀಲರ್‌ಗಳು ಜಾಸ್ತಿ ಜನ ಏನ್ ಮಾಡ್ತಾರೆ ಅಂದ್ರೆ ಯಾರದೋ ಮನೆ ಖಾಲಿ ಮಾಡೋವಾಗ ಒಂದು ಆಲ್ಬಮ್ ಸಿಕ್ತು ಅಂತಿಟ್ಕೊಳ್ಳಿ, ಅದನ್ನ ಬಿಚ್ಚಿ ಟೋಪಿ ಬ್ಯಾಡ್ಜ್ ನೋಡಿ ರೆಜಿಮೆಂಟ್ ಪ್ರಕಾರ ಬೇರೆ ಬೇರೆ ಡಬ್ಬಿಗೆ ಹಾಕ್ಬಿಡ್ತಾರೆ, ಯಾಕಂದ್ರೆ ಬ್ಯಾಡ್ಜ್ ಕಲೆಕ್ಟ್ ಮಾಡೋರು ಅದಕ್ಕೆ ಒಳ್ಳೆ ದುಡ್ಡು ಕೊಡ್ತಾರೆ. ಅಣ್ಣ ಒಂದು ಡಬ್ಬೀಲಿ, ತಮ್ಮ ಇನ್ನೊಂದು ಡಬ್ಬೀಲಿ, ಅಮ್ಮನ ಫೋಟೋಗೆ ಬೆಲೆ ಇಲ್ಲ ಅಂತ ಅದು ಕಸಕ್ಕೆ. ಒಂದ್ಸಲ ಹಾಗೆ ಬೇರೆಯಾದ್ರೆ ಮುಗೀತು, ಮತ್ತೆ ಒಂದು ಮನೆಯವರು ಅಂತ ಯಾರಿಗೂ ಗೊತ್ತಾಗಲ್ಲ. ಈ ಅಜ್ಜ ಹಾಗೆ ಮಾಡಲ್ಲ. ಒಂದು ಮನೆಯಿಂದ ಬಂದಿದ್ದೆಲ್ಲ ಒಂದೇ ಲಕೋಟೆ, ಲಕೋಟೆ ಮೇಲೆ ಪೆನ್ಸಿಲ್‌ನಲ್ಲಿ ಯಾವ ಊರು, ಯಾವ ವರ್ಷ ಸಿಕ್ಕಿದ್ದು, ಕಾರ್ಡ್ ಹಿಂದೆ ಯಾರ ಹೆಸರಿದೆ ಎಲ್ಲ ಬರೆದಿಟ್ಟಿರ್ತಾರೆ. ಬೇಕಿದ್ರೆ ಪೂರ್ತಿ ಲಕೋಟೆ ತಗೋಬೇಕು, ಬಿಡಿಬಿಡಿಯಾಗಿ ಕೊಡಲ್ಲ. ಮೊದಲು ಇದು ಹಠ ಅನ್ನಿಸ್ಬಹುದು, ಆದ್ರೆ ನನ್ನ ಪ್ರಕಾರ ಈ ವ್ಯಾಪಾರದಲ್ಲಿ ಮಾಡ್ಬೇಕಾದ ಸರಿಯಾದ ಕೆಲಸ ಇದೊಂದೇ, ಎಲ್ಲ ಡೀಲರ್‌ಗಳೂ ಮಾಡ್ಬೇಕು.

ಇನ್ನೊಂದು, ಕೂತು ನೋಡೋಕೆ ಬಿಡ್ತಾರೆ. ಟೇಬಲ್ ಲ್ಯಾಂಪ್ ಇದೆ, ಭೂತಗನ್ನಡಿ ಕೊಡ್ತಾರೆ, ಕಾರ್ಡ್ ತಿರುಗಿಸಿ ಹಿಂದುಗಡೆ ನೋಡಿ ಅಂತ ಅವರೇ ಹೇಳ್ತಾರೆ. ತಗೊಳ್ಳಿ ತಗೊಳ್ಳಿ ಅನ್ನೋ ಕಾಟ ಇಲ್ಲವೇ ಇಲ್ಲ.

ನಾನು ತಗೊಂಡಿದ್ರಲ್ಲಿ ಒಂದು ಕಾರ್ಡ್ ಬಗ್ಗೆ ಹೇಳ್ಲೇಬೇಕು. ಹಿಂದೆ ಪರದೆ ಮೇಲೆ ಮರ, ಮೆಟ್ಟಿಲು ಎಲ್ಲ ಪೇಂಟ್ ಮಾಡಿದ್ದಾರೆ, ಮುಂದೆ ಬೆತ್ತದ ಕುರ್ಚಿ, ಅದರ ಪಕ್ಕ ಹತ್ತೊಂಬತ್ತು ಇಪ್ಪತ್ತರ ಹುಡುಗ ನಿಂತಿದ್ದಾನೆ. ಟೋಪಿ ಬ್ಯಾಡ್ಜ್‌ನಲ್ಲಿ ಫಿರಂಗಿ ಮತ್ತೆ ಗಾಲಿ, ಅಂದ್ರೆ ರಾಯಲ್ ಆರ್ಟಿಲರಿ. ಎದೆ ಮೇಲೆ ಅಡ್ಡಲಾಗಿ ಗುಂಡಿನ ಚೀಲಗಳಿರೋ ಪಟ್ಟಿ, ಬೂಟಿಗೆ ಸ್ಪರ್, ಅಂದ್ರೆ ಕುದುರೆಗೆ ತಿವಿಯೋ ಲೋಹದ ಮುಳ್ಳು. ಕಾಲಿಗೆ ಸುತ್ತಿರೋ ಬಟ್ಟೆ ಪಟ್ಟಿಯ ಗಂಟು ಮಂಡಿ ಕೆಳಗಿಲ್ಲ, ಪಾದದ ಗಂಟಿನ ಹತ್ರ ಇದೆ. ಕಾಲಾಳುಗಳು ಕೆಳಗಿಂದ ಮೇಲಕ್ಕೆ ಸುತ್ತಿ ಮಂಡಿ ಹತ್ರ ಕಟ್ತಿದ್ರು, ಕುದುರೆ ಕೆಲಸದವರು ಮೇಲಿಂದ ಕೆಳಕ್ಕೆ ಸುತ್ತಿ ಪಾದದ ಹತ್ರ ಕಟ್ತಿದ್ರು. ಹಾಗಾಗಿ ಈ ಹುಡುಗ ಫಿರಂಗಿ ಎಳೆಯೋ ಕುದುರೆಗಳ ಜೊತೆ ಇದ್ದವನು ಅಂತ ಧೈರ್ಯವಾಗಿ ಹೇಳ್ಬಹುದು. ಹಿಂದುಗಡೆ ಒದ್ದೆಯಾದ್ರೆ ನೇರಳೆ ಬಣ್ಣ ಬಿಡೋ ಪೆನ್ಸಿಲ್‌ನಲ್ಲಿ ಅಮ್ಮನಿಗೆ ಬರೆದಿದ್ದಾನೆ, ಫೋಟೋ ಅಷ್ಟೇನೂ ಚೆನ್ನಾಗಿ ಬಂದಿಲ್ಲಮ್ಮ, ಬೂಟು ಮಾತ್ರ ಹೊಳೀತಿದೆ ನೋಡು ಅಂತ. ಕೆಳಗೆ ಫ್ರೆಡ್ ಅಂತ ಸೈನು. ಸ್ಟಾಂಪ್ ಇಲ್ಲ, ಸೀಲ್ ಇಲ್ಲ. ಇದು ಮಾಮೂಲು, ಇಂಥ ಕಾರ್ಡ್ ತುಂಬಾ ಸಲ ಕವರ್ ಒಳಗೆ ಪತ್ರದ ಜೊತೆ ಹೋಗ್ತಿತ್ತು, ಅದಕ್ಕೆ ಸ್ಟಾಂಪ್ ಸೀಲ್ ಇಲ್ಲದ ಹಿಂಬದಿ ನೋಡಿ ನಕಲಿ ಅನ್ಕೋಬೇಡಿ. ಅದೇ ಲಕೋಟೆಯಲ್ಲಿ ಅಮ್ಮನ ಫೋಟೋನೂ ಇದೆ, ಕಪ್ಪು ಗೌನ್ ಹಾಕ್ಕೊಂಡು ಬಾಗಿಲ ಮುಂದೆ ನಿಂತಿದ್ದಾರೆ, ಇಬ್ಬರಿಗೂ ಅದೇ ಅಗಲ ಹಣೆ ಅದೇ ಗಲ್ಲ. ಬ್ಯಾಡ್ಜ್ ಡಬ್ಬಿಗೆ ಹೋಗಿದ್ರೆ ಈ ತಾಯಿ ಮಗ ಯಾವತ್ತೋ ಬೇರೆ ಆಗಿರ್ತಿದ್ರು.

ಈ ಅಂಗಡೀಲಿ ಜಾಸ್ತಿ ಸಿಗೋ ಇನ್ನೊಂದು ಬಗೆ ಆಸ್ಪತ್ರೆ ಡ್ರೆಸ್‌ನಲ್ಲಿರೋರದ್ದು. ಗಾಯಗೊಂಡು ವಾಪಸ್ ಬಂದವರಿಗೆ ನೀಲಿ ಸೂಟು, ಬಿಳಿ ಶರ್ಟು, ಕೆಂಪು ಟೈ ಕೊಡ್ತಿದ್ರು. ಸೌತಾಂಪ್ಟನ್ ಪಕ್ಕದ ನೆಟ್ಲಿಯಲ್ಲಿ 1863ರಲ್ಲಿ ಶುರುವಾದ ರಾಯಲ್ ವಿಕ್ಟೋರಿಯಾ ಮಿಲಿಟರಿ ಆಸ್ಪತ್ರೆ ಇತ್ತು, ಕಾಲು ಮೈಲಿ ಉದ್ದದ ಕಟ್ಟಡ, 1966ರಲ್ಲಿ ಕೆಡವಿದ್ರು, ಈಗ ಚಾಪೆಲ್ ಮಾತ್ರ ನಿಂತಿದೆ. ಫೋಟೋದಲ್ಲಿ ನೋಡಿದ್ರೆ ನೀಲಿ ಸೂಟು ಮಾಸಲು ಬಿಳಿ ಥರ, ಕೆಂಪು ಟೈ ಕಪ್ಪಾಗಿ ಕಾಣತ್ತೆ, ಯಾಕಂದ್ರೆ ಆಗ ಫೋಟೋ ತೆಗೆಯೋಕೆ ಬಳಸ್ತಿದ್ದ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣ್ತಾನೇ ಇರ್ಲಿಲ್ಲ, ನೀಲಿ ಮಾತ್ರ ಜಾಸ್ತಿ ಹಿಡೀತಿತ್ತು. ಇದು ತಿಳ್ಕೊಂಡ್ರೆ ತೋಳಿನ ಪಟ್ಟಿನೂ ಓದ್ಬಹುದು. ಬಲ ಮುಂಗೈ ಮೇಲಿನ ಪುಟ್ಟ ವಿ ಆಕಾರದ ಪಟ್ಟಿಗಳು ವಿದೇಶದಲ್ಲಿ ಸೇವೆ ಮಾಡಿದ ವರ್ಷಗಳು, ಎಲ್ಲಕ್ಕಿಂತ ಕೆಳಗಿನದು ಕಪ್ಪಾಗಿ ಕಂಡ್ರೆ ಅದು ಕೆಂಪು, ಅಂದ್ರೆ ಅವನು 1914ರಲ್ಲೇ ಹೋದವನು. ಇವು ಬಂದಿದ್ದೇ 1918ರ ಸುಮಾರಿಗೆ, ಹಾಗಾಗಿ ಫೋಟೋ ಯಾವಾಗಿನದು ಅನ್ನೋದೂ ಸಿಕ್ತು. ಎಡ ಮುಂಗೈ ಮೇಲೆ ನೆಟ್ಟಗಿರೋ ಪುಟ್ಟ ಕಡ್ಡಿ ಗಾಯದ ಲೆಕ್ಕ, ಅದು 1916ರಿಂದ. ಅಜ್ಜ ಇದನ್ನೆಲ್ಲ ಕಾರ್ಡ್ ಕೈಯಲ್ಲಿ ಹಿಡ್ಕೊಂಡೇ ತೋರಿಸಿಕೊಟ್ರು, ನಾನು ಅವತ್ತು ಏನೂ ತಗೊಳ್ದೇ ಇದ್ರೂ.

ಹೆಸರು ಸಿಕ್ರೆ ಮುಂದೆ ಹುಡುಕೋದು ನಮ್ಮ ಕೆಲಸ. ಸತ್ತವರಾದ್ರೆ 1917ರಲ್ಲಿ ಶುರುವಾದ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಸೈಟ್‌ನಲ್ಲಿ ಫ್ರೀಯಾಗಿ ಸಮಾಧಿ ಎಲ್ಲಿದೆ ಅಂತ ಸಿಗತ್ತೆ. ಬದುಕಿ ಬಂದವರನ್ನ ಹುಡುಕೋದೇ ಕಷ್ಟ, 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬಿಗೆ ಲಂಡನ್ನಿನ ದಾಖಲೆ ಗೋಡೌನ್ ಹೊತ್ತಿ ಉರೀತು, ಸಾಮಾನ್ಯ ಸೈನಿಕರ ಫೈಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವತ್ತೇ ಹೋಯ್ತು, ಫ್ರೆಡ್‌ನಂಥವರಿಗೆ ಈ ಕಾರ್ಡ್ ಬಿಟ್ರೆ ಬೇರೇನೂ ಉಳಿದಿರದೇ ಇರಬಹುದು. ಆಸ್ಟ್ರೇಲಿಯಾದವರ ಫೈಲುಗಳು ಮಾತ್ರ ಪೂರ್ತಿ ಆನ್‌ಲೈನ್ ಇವೆ, ಹೊಸದಾಗಿ ಶುರು ಮಾಡೋರು ಆಸ್ಟ್ರೇಲಿಯನ್ ಕಾರ್ಡ್‌ನಿಂದ ಶುರು ಮಾಡಿದ್ರೆ ಖುಷಿ ಬೇಗ ಸಿಗತ್ತೆ. ಹೆಸರಿಲ್ಲದ ಮುಖಗಳನ್ನ ಹುಡುಕೋಕೆ ಎಷ್ಟು ಶ್ರಮ ಬೇಕು ಅಂತ ನೋಡ್ಬೇಕಿದ್ರೆ ಫ್ರಾನ್ಸಿನ ವಿನ್ಯಾಕೂರ್ ವಿಷಯ ಓದಿ, ಅಲ್ಲಿನ ಲೂಯಿ ಮತ್ತೆ ಆಂತ್ವಾನೆತ್ ಥುಯಿಲಿಯೆ ಅನ್ನೋ ದಂಪತಿ ಸೈನಿಕರ ಫೋಟೋ ತೆಗೆದು ಪೋಸ್ಟ್‌ಕಾರ್ಡ್ ಮಾಡಿ ಕೊಡ್ತಿದ್ರು, ಅವರ ಸಾವಿರಾರು ಗಾಜಿನ ಪ್ಲೇಟು 2011ರಲ್ಲಿ ಅಟ್ಟದ ಮೇಲೆ ಸಿಕ್ವು. ಅದರಲ್ಲಿ ಆಸ್ಟ್ರೇಲಿಯನ್ನರ ಪ್ಲೇಟುಗಳು ಈಗ ಕ್ಯಾನ್‌ಬೆರಾದ ವಾರ್ ಮೆಮೋರಿಯಲ್‌ನಲ್ಲಿವೆ.

ಈಗ ನಮ್ಮವರ ವಿಷಯ. 1914–15ರಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ಇಂಡಿಯನ್ ಸಿಪಾಯಿಗಳನ್ನ ಇದೇ ನೆಟ್ಲಿಗೆ, ನ್ಯೂ ಫಾರೆಸ್ಟ್‌ನ ಬ್ರಾಕನ್‌ಹರ್ಸ್ಟ್‌ಗೆ, ಬ್ರೈಟನ್ ಅರಮನೆಗೆ ಕರ್ಕೊಂಡು ಬಂದಿದ್ರು. ಅವರ ಕಾರ್ಡ್ ಈ ಅಂಗಡೀಲಿ ಒಂದು ಟ್ರೇ ಇದೆ. ಮೊದಲ ಸಲ ನೋಡಿದಾಗ ಎದೆ ಹೊಡ್ಕೊಂಡಿದ್ದು ನಿಜ, ಆದ್ರೆ ತಿರುಗಿಸಿ ನೋಡಿದ್ರೆ ಬೇಜಾರಾಗತ್ತೆ. ಇವು ಬಹುಪಾಲು ಪ್ರೆಸ್‌ನಲ್ಲಿ ಹೊಡೆದು ಜನಕ್ಕೆ ಮಾರಿದ ಕಾರ್ಡ್‌ಗಳು. ಪೇಟ ಕಟ್ಟಿದ ನಾಲ್ಕು ಜನ ಹಾಸಿಗೆ ಮೇಲೆ ಕೂತಿದ್ದಾರೆ, ಕೆಳಗೆ ಇಂಡಿಯನ್ ಗಾಯಾಳುಗಳು ಅಂತ ಒಂದು ಸಾಲು, ಹೆಸರಿಲ್ಲ, ಊರಿಲ್ಲ, ರೆಜಿಮೆಂಟಿಲ್ಲ. ಹಿಂದುಗಡೆ ಬರೆದಿರೋದು ಯಾರೋ ಇಂಗ್ಲಿಷ್ ಹೆಂಗಸು ತನ್ನ ಫ್ರೆಂಡಿಗೆ, ಇಲ್ಲಿ ಹವಾಮಾನ ಚೆನ್ನಾಗಿದೆ ಅಂತ. ಫ್ರೆಡ್ ತನ್ನ ಫೋಟೋಗೆ ತಾನೇ ದುಡ್ಡು ಕೊಟ್ಟು ತಾನೇ ಹೆಸರು ಬರೆದ, ಇವರ ಮುಖ ಬೇರೆ ಯಾರೋ ಮಾರಿದ ಸರಕು. ಫ್ರಾನ್ಸಿನ ನ್ಯೂವ್ ಶಪೆಲ್ ಸ್ಮಾರಕದಲ್ಲಿ ಸಮಾಧಿ ಸಿಗದ 4,700ಕ್ಕೂ ಜಾಸ್ತಿ ಇಂಡಿಯನ್ ಸೈನಿಕರ ಹೆಸರಿದೆ ಮುಖ ಇಲ್ಲ, ಇಲ್ಲಿ ಟ್ರೇಯಲ್ಲಿ ಮುಖ ಇದೆ ಹೆಸರಿಲ್ಲ, ಎರಡನ್ನೂ ಸೇರಿಸೋಕೆ ದಾರಿ ಕಾಣ್ತಿಲ್ಲ ಅನ್ನೋದೇ ನನಗೆ ಸಂಕಟ. ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಈ ಕಡೆ ಬಂದವರಲ್ಲ, ಈಜಿಪ್ಟ್ ಪ್ಯಾಲೆಸ್ಟೈನ್ ಕಡೆ ಇದ್ದವರು, 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಗೆದ್ದವರಲ್ಲಿ ಅವರೂ ಇದ್ರು. ಅವರಲ್ಲಿ ಒಬ್ಬರ ಹೆಸರಿರೋ ಫೋಟೋ ಕಾರ್ಡ್ ಬಂದ್ರೆ ನನಗೆ ಮೊದಲು ಹೇಳಿ ಅಂತ ಚೀಟಿ ಬರೆಸಿಟ್ಟು ಬಂದಿದೀನಿ. ಮೈಸೂರು ಬೆಂಗಳೂರು ಕಡೆ ಯಾರ ಮನೆ ಟ್ರಂಕಿನಲ್ಲಾದ್ರೂ ಮುತ್ತಾತನ ಇಂಥ ಫೋಟೋ ಇದ್ರೆ ದಯವಿಟ್ಟು ಇವತ್ತೇ ಹಿಂದುಗಡೆ ಮೆತ್ತನೆ ಪೆನ್ಸಿಲ್‌ನಲ್ಲಿ ಹೆಸರು ಬರೆದಿಡಿ, ಬಾಲ್ ಪೆನ್ ಬೇಡ, ಅದು ಮುಂದುಗಡೆ ಅಚ್ಚು ಒತ್ತತ್ತೆ.

ಬೆಲೆ ನ್ಯಾಯವಾಗಿದೆ. ಯಾವ ಲಕೋಟೆಗೂ ಸೇರದ ಹೆಸರಿಲ್ಲದ ಬಿಡಿ ಕಾರ್ಡ್ 4–5 ಪೌಂಡ್, ಹೆಸರು ರೆಜಿಮೆಂಟ್ ಎರಡೂ ಇದ್ರೆ 12ರಿಂದ 20, ಲಕೋಟೆ ಆದ್ರೆ ಒಳಗೆಷ್ಟಿದೆ ನೋಡ್ಕೊಂಡು ಹೇಳ್ತಾರೆ. ನಕಲಿ ಅಲ್ಲಿ ನಾನು ನೋಡಿಲ್ಲ, ಆದ್ರೂ ಎಲ್ಲೇ ತಗೊಂಡ್ರೂ ಚೆಕ್ ಮಾಡಿ. ಭೂತಗನ್ನಡೀಲಿ ಚುಕ್ಕಿ ಚುಕ್ಕಿ ಕಂಡ್ರೆ ಅದು ಪ್ರಿಂಟು, ಫೋಟೋ ಅಲ್ಲ. ಕಾರ್ಡನ್ನ ಓರೆ ಹಿಡಿದಾಗ ಕಪ್ಪಿರೋ ಕಡೆ ಅಂಚಲ್ಲಿ ಬೆಳ್ಳಿ ಮೆರುಗು ಬಂದ್ರೆ ಒಳ್ಳೇ ಲಕ್ಷಣ, ಹಳೇ ಫೋಟೋದಲ್ಲಿನ ಬೆಳ್ಳಿ ಮೇಲಕ್ಕೆ ಬಂದಿರತ್ತೆ. ಅಲ್ಟ್ರಾವೈಲೆಟ್ ಟಾರ್ಚ್ ಬಿಟ್ಟಾಗ ಪೇಪರ್ ನೀಲಿಯಾಗಿ ಜಗ್ಗನೆ ಹೊಳೆದ್ರೆ ಬಿಟ್ಬಿಡಿ, ಆ ಹೊಳಪಿನ ಕೆಮಿಕಲ್ ಪೇಪರಿಗೆ ಹಾಕೋಕೆ ಶುರು ಮಾಡಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.

ಇನ್ನು ಆ ಒಂದು ಸ್ಟಾರ್. ಮೊದಲನೇದು, ಕಾರ್ಡ್ ಹಾಕಿಡೋ ಕವರ್ ಅಗ್ಗದ ಪಿವಿಸಿ, ಮೂಗಿಗೇ ಪ್ಲಾಸ್ಟಿಕ್ ವಾಸನೆ ಹೊಡೆಯತ್ತೆ, ವರ್ಷಗಟ್ಟಲೆ ಅದರಲ್ಲಿದ್ರೆ ಫೋಟೋ ಹಾಳಾಗತ್ತೆ. ಮನೆಗೆ ತಂದ ತಕ್ಷಣ ಪಾಲಿಯೆಸ್ಟರ್ ಇಲ್ಲ ಪಾಲಿಪ್ರೊಪಿಲೀನ್ ಕವರ್‌ಗೆ ಬದಲಾಯಿಸಿ. ಇಷ್ಟು ಪ್ರೀತಿಯಿಂದ ಲಕೋಟೆ ಜೋಡಿಸೋರು ಇದರಲ್ಲಿ ಯಾಕೆ ಉಳಿಸ್ತಾರೋ ಅರ್ಥವಾಗಲ್ಲ, ಹೇಳಿದ್ದೀನಿ, ನೋಡೋಣ ಅಂದ್ರು. ಎರಡನೇದು ನನಗೆ ನಿಜವಾಗ್ಲೂ ಹಿಡಿಸದೇ ಇರೋದು, ಯುದ್ಧದಲ್ಲಿ ಸತ್ತವನು ಅಂತ ಗೊತ್ತಾದ್ರೆ ಬೆಲೆ ಡಬಲ್. ಮಾರ್ಕೆಟ್ಟೇ ಹಾಗಿದೆ ಅಂತಾರೆ, ಹೌದು ಎಲ್ಲ ಕಡೆ ಹಾಗೇ ಇದೆ, ಆದ್ರೆ ಆಲ್ಬಮ್ ಒಡೆಯಲ್ಲ ಅಂತ ಮಾರ್ಕೆಟ್ ವಿರುದ್ಧ ನಿಂತವರು ಇದರಲ್ಲೂ ನಿಲ್ಲಬಹುದಿತ್ತು. ಬದುಕಿ ವಾಪಸ್ ಬಂದು ಮತ್ತೆ ಹೊಲ ಉತ್ತವನ ಮುಖಕ್ಕೆ ಬೆಲೆ ಕಮ್ಮಿ ಯಾಕಾಗ್ಬೇಕು?

ಇಂಡಿಯಾಗೂ ಪೋಸ್ಟ್‌ನಲ್ಲಿ ಕಳಿಸ್ತಾರೆ, ಎರಡು ರಟ್ಟಿನ ಮಧ್ಯೆ ಇಟ್ಟು ಗಟ್ಟಿಯಾಗಿ ಪ್ಯಾಕ್ ಮಾಡ್ತಾರೆ, ಮೈಸೂರಿನ ನನ್ನ ಫ್ರೆಂಡಿಗೆ ಒಂದು ಮೂಲೆನೂ ಮಡಚದೇ ತಲುಪಿದೆ. ಹೋಗೋರು ಕ್ಯಾಶ್ ತಗೊಂಡೋಗಿ, ಕಾರ್ಡ್ ಮಷಿನ್ ಇಲ್ಲ. ಭಾನುವಾರ ರಜಾ. ಜರ್ಮನ್ ಕಾರ್ಡ್‌ಗಳನ್ನ ಕೇಳಿ ತೆಗೆಸಿ, ಅವು ಟೇಬಲ್ ಮೇಲಿರಲ್ಲ, ಬೀರುವಿನ ಕೆಳಗಿನ ಖಾನೆಯಲ್ಲಿರತ್ತೆ. ಜರ್ಮನ್ ಸೈನಿಕರಿಗೆ ಪೋಸ್ಟ್ ಫ್ರೀ ಇದ್ದಿದ್ರಿಂದ ಅದರಲ್ಲಿ ತುಂಬಾ ಕಾರ್ಡ್ ಮೇಲೆ ತುಕಡಿಯ ಸೀಲ್ ಸಮೇತ ಇರತ್ತೆ, ಚೂಪು ಹೆಲ್ಮೆಟ್ಟಿಗೆ ಹೊದಿಸಿರೋ ಬಟ್ಟೆ ಮೇಲೆ ರೆಜಿಮೆಂಟ್ ನಂಬರ್ ಕಾಣತ್ತೆ, ನಂಬರ್ ಮೇಲೆ R ಅಕ್ಷರ ಇದ್ರೆ ರಿಸರ್ವ್ ರೆಜಿಮೆಂಟು. ಕುರೆಂಟ್ ಅನ್ನೋ ಹಳೇ ಜರ್ಮನ್ ಕೈಬರಹ ಓದೋಕೆ ಬರೋರು ಜೊತೆಗಿದ್ರೆ ಕರ್ಕೊಂಡೇ ಹೋಗಿ, ಆ ಖಾನೆಯಲ್ಲಿ ಅಜ್ಜನಿಗೂ ಓದೋಕಾಗದ ಪತ್ರಗಳೇ ಜಾಸ್ತಿ.