ತತ್ತಾಪಾನಿ, ಮಣಿಕರಣ, ವಶಿಷ್ಠ: ಬೈಕ್ ಸವಾರನ ಮೈನೋವಿಗೆ ಯಾವ ಬಿಸಿನೀರು?

ಹಿಮಾಚಲ ಪ್ರದೇಶದ ಮೂರು ಹೆಸರಾಂತ ಬಿಸಿನೀರಿನ ಬುಗ್ಗೆಗಳನ್ನು, 350 ಸಿಸಿ ಬೈಕಿನಲ್ಲಿ ಶಿಮ್ಲಾದಿಂದ ಮನಾಲಿಯವರೆಗೆ ಸಾಗುತ್ತ, ಒಂದೇ ಪ್ರವಾಸದಲ್ಲಿ ಕಂಡು ಬಂದೆ. ಮೂರೂ ಪುಣ್ಯಕ್ಷೇತ್ರಗಳೇ ಆದರೂ ಪುಣ್ಯವನ್ನು ತೂಗುವುದು ನನ್ನ ಕೆಲಸವಲ್ಲ. ದಿನವಿಡೀ ಹ್ಯಾಂಡಲ್ ಹಿಡಿದು ಮರಗಟ್ಟಿದ ಹೆಗಲಿಗೂ ಸೊಂಟಕ್ಕೂ ಯಾವ ನೀರು ಹಿತವಾಯಿತು ಎಂಬುದಷ್ಟೇ ನನ್ನ ಅಳತೆಗೋಲು.

ದಾರಿಯ ಸೊಗಸಿನಲ್ಲಿ ತತ್ತಾಪಾನಿಯೇ ಮೊದಲು. ಸುಮಾರು 2,000 ಮೀಟರ್ ಎತ್ತರದ ನಾಲ್‌ದೇಹ್ರಾದ ದೇವದಾರು ಕಾಡಿನಿಂದ ಸಟ್ಲೆಜ್ ಕಣಿವೆಗೆ ಇಳಿಯುವ ತಿರುವುಗಳಲ್ಲಿ ಬ್ರೇಕಿಗಿಂತ ಎರಡನೆಯ ಗೇರನ್ನೇ ನಂಬಿ ಬಂದೆ. ಆದರೆ 800 ಮೆಗಾವಾಟ್‌ನ ಕೋಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ನದಿದಡದ ಹಳೆಯ ಬುಗ್ಗೆಗಳು ಮುಳುಗಿಹೋಗಿವೆ. ಈಗ ಸ್ನಾನಕ್ಕೆ ಒದಗುವುದು ಕೊಳವೆ ಕೊರೆದು ಮೇಲೆತ್ತಿದ ಬಿಸಿನೀರು. ನೀರಿನ ಗುಣಕ್ಕೆ ಕುಂದಿಲ್ಲದಿದ್ದರೂ ಜಾಗ ತಗ್ಗಿನಲ್ಲಿರುವುದರಿಂದ ಮಧ್ಯಾಹ್ನದ ಬಿಸಿಲಿಗೆ ಆಗಲೇ ಬೆವೆತಿದ್ದ ನನಗೆ ಆ ತೊಟ್ಟಿ ಅಷ್ಟೇನೂ ರುಚಿಸಲಿಲ್ಲ. ಚಳಿಗಾಲದಲ್ಲಿ ಹೋಗಿದ್ದರೆ ಬೇರೆ ಮಾತು.

ನೋಡುವುದಕ್ಕಾದರೆ ಮಣಿಕರಣಕ್ಕೆ ಸಾಟಿಯಿಲ್ಲ. ಪಾರ್ವತಿ ನದಿಯ ಹಿಮನೀರು ಭೋರ್ಗರೆಯುವ ಪಕ್ಕದಲ್ಲೇ, ಬಂಡೆಯ ಬಿರುಕುಗಳಿಂದ ನೀರು ಕೊತಕೊತನೆ ಕುದಿಯುತ್ತ ಹೊರಬರುತ್ತದೆ. ಇಲ್ಲಿ ಜ್ವಾಲಾಮುಖಿಯೇನೂ ಇಲ್ಲ. ಮಳೆ ಮತ್ತು ಹಿಮದ ನೀರು ಬಿರುಕುಗಳ ಮೂಲಕ ಭೂಮಿಯ ಆಳಕ್ಕಿಳಿದು, ಅಲ್ಲಿಯ ಶಾಖ ಹೀರಿಕೊಂಡು ಮೇಲೇರುತ್ತದೆ. ಸುಮಾರು 1,760 ಮೀಟರ್ ಎತ್ತರದ ಈ ಊರಿನಲ್ಲಿ ನೀರು ಕುದಿಯುವುದಕ್ಕೆ 94 ಡಿಗ್ರಿ ಸೆಲ್ಸಿಯಸ್ಸೇ ಸಾಕು, ಬುಗ್ಗೆಯ ಶಾಖವೂ ಅದರ ಆಸುಪಾಸಿನಲ್ಲೇ ಇದೆ. ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟ ಅಕ್ಕಿ ಕಣ್ಣೆದುರೇ ಅನ್ನವಾಗುತ್ತದೆ. ಇದೇ ಶಾಖದಿಂದ 5 ಕಿಲೋವಾಟ್‌ನ ಪ್ರಾಯೋಗಿಕ ವಿದ್ಯುತ್ ಘಟಕವನ್ನೂ ಹಿಂದೊಮ್ಮೆ ನಡೆಸಿದ್ದರು. ಅನ್ನ ಬೇಯಿಸುವ ನೀರು ಸವಾರನ ಮೈಗೆ ಹೊಂದೀತೇ ಎಂಬುದು ಬೇರೆ ಪ್ರಶ್ನೆ! ತಣ್ಣೀರು ಬೆರೆಸಿದ ಒಳಾಂಗಣದ ಕೊಳದಲ್ಲಿಯೂ ಹಬೆಗೆ ಉಸಿರು ಕಟ್ಟಿದಂತಾಗಿ ಮೂರೇ ನಿಮಿಷಕ್ಕೆ ಮೇಲೆದ್ದೆ. ಭುಂತರ್‌ನಿಂದ ಇಲ್ಲಿಗಿರುವ ಸುಮಾರು 35 ಕಿ.ಮೀ. ದಾರಿಯೂ ಇಕ್ಕಟ್ಟಿನದು; ಎದುರಿನಿಂದ ಬಸ್ಸು ಬಂದಾಗಲೆಲ್ಲ ಬಂಡೆಗೆ ಒತ್ತಿಕೊಂಡು ನಿಲ್ಲಬೇಕಾಯಿತು.

ಮನಾಲಿಯಿಂದ 3 ಕಿ.ಮೀ. ದೂರದ ವಶಿಷ್ಠದ ಬಗ್ಗೆ ನನಗೆ ಹೆಚ್ಚಿನ ನಿರೀಕ್ಷೆ ಇರಲಿಲ್ಲ. ಮರದ ಕೆತ್ತನೆಯ ಗುಡಿಯ ಪಕ್ಕದಲ್ಲಿ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾದ ತೆರೆದ ಕಲ್ಲಿನ ಕೊಳಗಳಿವೆ. ಗಂಧಕದ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ, ಆಮೇಲೆ ಮರೆತುಹೋಗುತ್ತದೆ. ಬೆರಳಿನಲ್ಲೇ ಬಿಟ್ಟಿದ್ದ ಬೆಳ್ಳಿಯುಂಗುರ ಮಾತ್ರ ಕಪ್ಪಾಗಿ ಅದನ್ನು ನೆನಪಿಸಿತು. ಮೊದಲು ಪಾದ, ಬಳಿಕ ಮೊಣಕಾಲು, ಕೊನೆಗೆ ಸೊಂಟ ಎಂದು ನಿಧಾನವಾಗಿ ಇಳಿದರೆ ಮೈ ಆ ಬಿಸಿಗೆ ಒಗ್ಗಿಕೊಳ್ಳುತ್ತದೆ. ಮೇಲೆ ತಣ್ಣನೆಯ ಗಾಳಿ ಆಡುವುದರಿಂದ ಉಸಿರಿಗೆ ತೊಂದರೆಯಿಲ್ಲ. ಮೂರು ದಿನಗಳಿಂದ ಬಿಗಿದುಕೊಂಡಿದ್ದ ಹೆಗಲು ಹತ್ತು ನಿಮಿಷದಲ್ಲಿ ಸಡಿಲವಾಯಿತು.

ಆದ್ದರಿಂದ ಸ್ನಾನಕ್ಕೆ ನನ್ನ ಆಯ್ಕೆ ವಶಿಷ್ಠವೇ; ಮಣಿಕರಣವನ್ನು ನೋಡಿ ಬಂದರೆ ಸಾಕು. ಆದರೆ ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುವುದರಿಂದ, ಮೇಲೆದ್ದ ಕೂಡಲೇ ಹೆಲ್ಮೆಟ್ ಧರಿಸಿ ಹೊರಡುವುದು ತರವಲ್ಲ. ನನಗೂ ಮೆಟ್ಟಿಲೇರುವಾಗ ತಲೆ ಸುತ್ತಿತು. ನೀರು ಕುಡಿದು ಅರ್ಧ ಗಂಟೆ ಕುಳಿತಿದ್ದು, ಬೈಕನ್ನು ಅಲ್ಲಿಯೇ ಬಿಟ್ಟು ಕೋಣೆಗೆ ನಡೆದೇ ಹೋದೆ.