ತುಮಕೂರಿನಲ್ಲಿ 27 ಇಂಚಿನ ಮಾನಿಟರ್ ಕೊಳ್ಳುವವರಿಗೆ: ಅಕ್ಷರ ಮೊದಲು, ಆಟ ಆಮೇಲೆ

ಹಗಲು ಕಚೇರಿಯ ಕೆಲಸ, ಸಂಜೆ ಮನೆಯವರ ಇ-ಪೇಪರ್ ಓದು, ರಾತ್ರಿ ಒಂದಷ್ಟು ಹೊತ್ತು ಗೇಮ್. ಈ ಮೂರಕ್ಕೂ ಒಂದೇ ಪರದೆ ಒದಗಬೇಕು, ಬೆಲೆಯೂ 20 ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಇರಬೇಕು ಎನ್ನುವವರು 27 ಇಂಚಿನ, 2560×1440 ರೆಸಲ್ಯೂಷನ್ನಿನ ಐಪಿಎಸ್ (ಪ್ಯಾನೆಲ್‌ನ ಒಂದು ಬಗೆ) ಮಾನಿಟರನ್ನೇ ಕೊಳ್ಳಬೇಕು ಎಂಬುದು, 180 ಹರ್ಟ್ಸ್‌ನ (ಸೆಕೆಂಡಿಗೆ 180 ಬಾರಿ ಚಿತ್ರ ಬದಲಿಸುವ) ಅಂಥದ್ದೊಂದನ್ನು ತಿಂಗಳುಗಟ್ಟಲೆ ಬಳಸಿದ ಮೇಲೆ ನನ್ನ ದೃಢವಾದ ಅಭಿಪ್ರಾಯ. ಎಲ್‌ಜಿ, ಸ್ಯಾಮ್‌ಸಂಗ್, ಬೆನ್‌ಕ್ಯೂ, ಏಸರ್ ಎಂದು ಡಬ್ಬಿಯ ಮೇಲಿನ ಹೆಸರುಗಳು ಹಲವಿದ್ದರೂ ಒಳಗಿನ ಪ್ಯಾನೆಲ್ ತಯಾರಿಸುವವರು ಎಯುಒ, ಬಿಒಇ, ಇನೊಲಕ್ಸ್‌ನಂಥ ಕೆಲವೇ ಕಂಪನಿಗಳಾದ್ದರಿಂದ, ಒಂದು ಮಾಡೆಲ್ಲಿನ ಹೆಸರು ಹೇಳುವುದಕ್ಕಿಂತ ಯಾವ ಗುಣಗಳನ್ನು ನೋಡಿ ಆರಿಸಬೇಕೆಂದು ಹೇಳುವುದೇ ಕೊಳ್ಳುವವರಿಗೆ ಹೆಚ್ಚು ಉಪಯೋಗವೆಂದು ಭಾವಿಸಿದ್ದೇನೆ.

ಅಂಗಡಿಗೆ ಕಾಲಿಟ್ಟ ಕೂಡಲೇ ಕಿವಿಗೆ ಬೀಳುವುದು ಇಂಚು ಮತ್ತು ಹರ್ಟ್ಸ್. ಕಣ್ಣಿಗೆ ದಿನವಿಡೀ ಅನುಭವಕ್ಕೆ ಬರುವುದು ಮಾತ್ರ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬ ಸಂಗತಿ. 24 ಇಂಚಿನ ಫುಲ್ ಎಚ್‌ಡಿ (1920×1080) ಪರದೆಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್‌ಗಳಿರುತ್ತವೆ. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಹಿಗ್ಗಿಸಿದರೆ ಈ ಸಂಖ್ಯೆ 82ಕ್ಕೆ ಇಳಿಯುತ್ತದೆ, 32 ಇಂಚಿಗೆ ಹಿಗ್ಗಿಸಿದರೆ 69ಕ್ಕೆ. 27 ಇಂಚಿನಲ್ಲಿ 1440ಪಿ (2560×1440) ಇದ್ದರೆ 109 ಸಿಗುತ್ತದೆ. ಇಂಗ್ಲಿಷ್ ಮಾತ್ರ ಓದುವವರು 82ರಲ್ಲೂ ಹೇಗೋ ನಿಭಾಯಿಸಬಹುದು, ಆದರೆ ಕನ್ನಡ ಓದುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಏಕೆಂದರೆ ನಮ್ಮ ಅಕ್ಷರಗಳ ಭೇದವೆಲ್ಲ ಸಣ್ಣ ಚುಕ್ಕೆ, ಸೀಳು, ಬಾಲಗಳಲ್ಲಿ ಅಡಗಿದೆ. ‘ದ’ಕಾರದ ಬುಡದಲ್ಲಿ ಒಂದು ಸೀಳು ಬಂದರೆ ‘ಧ’, ಹೊಟ್ಟೆಯೊಳಗೆ ಒಂದು ಚುಕ್ಕೆ ಬಂದರೆ ‘ಥ’. ಪಿಕ್ಸೆಲ್ ದೊಡ್ಡದಾದಾಗ ಆ ಸೀಳೂ ಚುಕ್ಕೆಯೂ ಬೂದು ಮಸುಕಾಗಿ ಬೆರೆತುಹೋಗುತ್ತವೆ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ದಂಥ ಪದಗಳ ಒತ್ತಕ್ಷರಗಳ ಕಥೆಯೂ ಅಷ್ಟೇ.

ತುಮಕೂರಿನ ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ 27 ಇಂಚಿನ ಎರಡು ಮಾನಿಟರ್‌ಗಳು ಅಕ್ಕಪಕ್ಕದಲ್ಲೇ ಇದ್ದವು, ಒಂದು ಫುಲ್ ಎಚ್‌ಡಿ, ಇನ್ನೊಂದು 1440ಪಿ. ಎರಡರಲ್ಲೂ ಕಡಲು, ಹೂವು, ಗಿಳಿಗಳ ಬಣ್ಣಬಣ್ಣದ ವಿಡಿಯೊ ಓಡುತ್ತಿದ್ದಾಗ ನಾಲ್ಕು ಹೆಜ್ಜೆ ದೂರದಿಂದ ವ್ಯತ್ಯಾಸವೇ ತಿಳಿಯಲಿಲ್ಲ. ಎರಡರಲ್ಲೂ ಒಂದೇ ಕನ್ನಡ ಸುದ್ದಿಪುಟವನ್ನು ತೆರೆಸಿ, ಮೇಜಿನ ಮುಂದೆ ಕೂರುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಓದಿದಾಗ ಸಂಶಯವೇ ಉಳಿಯಲಿಲ್ಲ: ಮೊದಲನೆಯದರಲ್ಲಿ ವಿಂಡೋಸ್‌ನ ನಿರ್ಮಲಾ ಫಾಂಟಿನ ಸಣ್ಣ ಅಕ್ಷರಗಳ ಅಂಚು ಹಲ್ಲುಹಲ್ಲಾಗಿತ್ತು, ಎರಡನೆಯದರಲ್ಲಿ ಒತ್ತಕ್ಷರದ ಕೆಳಗಿನ ಗೆರೆಯೂ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕಂಡಿತು. ಕೊಳ್ಳುವ ಮುನ್ನ ಈ ಒಂದು ಪರೀಕ್ಷೆಯನ್ನು ದಯವಿಟ್ಟು ಮಾಡಿ. ಅಂಗಡಿಯವರು ಬೇಸರಪಟ್ಟುಕೊಂಡರೂ ಪರವಾಗಿಲ್ಲ, ಮುಂದಿನ ಐದಾರು ವರ್ಷ ಆ ಪರದೆಯನ್ನು ನೋಡಬೇಕಾದವರು ನೀವು.

ಬೆಲೆಯ ವಿಚಾರಕ್ಕೆ ಬಂದರೆ, 27 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ಗಳು ಹತ್ತರಿಂದ ಹನ್ನೆರಡು ಸಾವಿರಕ್ಕೆ ಸಿಗುತ್ತವೆ, 1440ಪಿಯವು ಹದಿನಾರರಿಂದ ಇಪ್ಪತ್ತು ಸಾವಿರದ ನಡುವೆ. ಹನ್ನೆರಡು ಸಾವಿರಕ್ಕಿಂತ ಹೆಚ್ಚು ಕೊಡಲಾಗದು ಎನ್ನುವವರಿಗೆ, ಸಿದ್ಧಗಂಗಾ ಅಥವಾ ಸಿದ್ಧಾರ್ಥ ಕಾಲೇಜಿನಲ್ಲಿ ಓದುತ್ತ ಹಾಸ್ಟೆಲ್‌ನಲ್ಲಿರುವ ಹುಡುಗರಿಗೆ ವಿಶೇಷವಾಗಿ, ನಾನು ಹೇಳುವುದು 24 ಇಂಚಿನ ಫುಲ್ ಎಚ್‌ಡಿಗೇ ನಿಲ್ಲಿ ಎಂದು. ಅದೇ ಹಣಕ್ಕೆ ಮೂರು ಇಂಚು ಹೆಚ್ಚು ಸಿಗುತ್ತದೆಂಬ ಆಸೆಗೆ ಅಕ್ಷರದ ಸ್ಪಷ್ಟತೆಯನ್ನು ಬಲಿಕೊಡಬೇಡಿ. ಇನ್ನು, ಜಿಎಸ್‌ಟಿ ಇಳಿದಿದೆ, ಈಗಲೇ ತೆಗೆದುಕೊಳ್ಳಿ ಎಂದು ಯಾರಾದರೂ ಅವಸರಿಸಿದರೆ ಒಂದು ಮಾತು ನೆನಪಿರಲಿ: 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದದ್ದು 32 ಇಂಚು ಮೀರಿದ ಮಾನಿಟರ್‌ಗಳಿಗೆ. 32 ಇಂಚಿನವರೆಗಿನವು ಅದಕ್ಕೂ ಮೊದಲೇ ಶೇ 18ರಲ್ಲಿದ್ದವು.

ಆಟಕ್ಕೆ ಬರೋಣ. ಇಲ್ಲಿ ಮಾನಿಟರಿಗಿಂತ ಮೊದಲು ಯೋಚಿಸಬೇಕಾದದ್ದು ನಿಮ್ಮ ಗ್ರಾಫಿಕ್ಸ್ ಕಾರ್ಡ್. ಫುಲ್ ಎಚ್‌ಡಿಯಲ್ಲಿ ಪ್ರತಿ ಫ್ರೇಮಿಗೆ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳನ್ನು ಚಿತ್ರಿಸಿದರೆ ಸಾಕು, 1440ಪಿಯಲ್ಲಿ ಅದು 36.9 ಲಕ್ಷಕ್ಕೆ ಏರುತ್ತದೆ. ಆರ್‌ಟಿಎಕ್ಸ್ 3060 ಅಥವಾ ಆರ್‌ಎಕ್ಸ್ 6600ರ ಮಟ್ಟದ ಕಾರ್ಡ್ ಇದ್ದು, ಭಾರವಾದ ಆಟಗಳಲ್ಲಿ ಸೆಟ್ಟಿಂಗ್ ಸ್ವಲ್ಪ ತಗ್ಗಿಸಲು ಅಥವಾ ಚಿತ್ರವನ್ನು ಕಡಿಮೆ ಪಿಕ್ಸೆಲ್‌ಗಳಲ್ಲಿ ಬಿಡಿಸಿ ಹಿಗ್ಗಿಸುವ ಎಫ್‌ಎಸ್‌ಆರ್, ಡಿಎಲ್‌ಎಸ್‌ಎಸ್‌ಗಳ ನೆರವು ಪಡೆಯಲು ಸಿದ್ಧರಿದ್ದರೆ ಧೈರ್ಯವಾಗಿ 1440ಪಿಗೆ ಹೋಗಬಹುದು. ಜಿಟಿಎಕ್ಸ್ 1650ರಂಥ ಹಳೆಯ ಕಾರ್ಡಿನಲ್ಲಿ ಹಗುರವಾದ ವ್ಯಾಲರೆಂಟ್ ಆಟ ಚೆನ್ನಾಗಿಯೇ ಓಡುತ್ತದೆ, ಫೋರ್ಜಾ ಹೊರೈಜನ್ 5 ಏದುಸಿರು ಬಿಡುತ್ತದೆ. ಅಂಥವರು ರೆಸಲ್ಯೂಷನ್ನನ್ನು 1080ಪಿಗೆ, ಅಂದರೆ ಫುಲ್ ಎಚ್‌ಡಿಗೆ, ಇಳಿಸಿ ಆಡಿದರಾಯಿತು ಎಂದುಕೊಳ್ಳುವುದುಂಟು. 1440ಪಿ ಪರದೆಯಲ್ಲಿ 1080ಪಿ ಚಿತ್ರ ಸರಿಯಾಗಿ ಭಾಗವಾಗದೆ ಮಂಕಾಗಿಯೇ ಕಾಣುತ್ತದೆ ಎಂಬುದು ಅವರಿಗೆ ತಿಳಿದಿರಬೇಕು.

ಹರ್ಟ್ಸ್ ವಿಷಯದಲ್ಲಿ ನನ್ನ ಅನುಭವ ಸ್ಪಷ್ಟವಾಗಿದೆ. 60ರಲ್ಲಿ ಪ್ರತಿ ಫ್ರೇಮ್ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 100ರಲ್ಲಿ 10, 180ರಲ್ಲಿ 5.6. 60ರಿಂದ 100ಕ್ಕೆ ಹೋದಾಗ ಮೌಸ್ ಓಡಿಸುವಾಗಲೇ, ವೆಬ್ ಪುಟ ಜಾರಿಸುವಾಗಲೇ ಹಿತವೆನಿಸುತ್ತದೆ. 144ರಿಂದ 180ಕ್ಕೆ ಹೋದಾಗ ಅಂಥ ಬದಲಾವಣೆ ನನ್ನ ಕಣ್ಣಿಗೆ ಕಂಡಿಲ್ಲ. ಹಾಗಾಗಿ 144 ಇರುವುದು ಅಗ್ಗವಾಗಿ ಸಿಕ್ಕರೆ ಆ ಮೂವತ್ತಾರು ಹರ್ಟ್ಸ್‌ಗಾಗಿ ಹೆಚ್ಚು ಹಣ ಕೊಡಬೇಕಿಲ್ಲ. ಇದಕ್ಕಿಂತ ಮುಖ್ಯವಾದದ್ದು ಫ್ರೀಸಿಂಕ್ (ಕಾರ್ಡಿನ ವೇಗಕ್ಕೆ ಪರದೆಯ ವೇಗವನ್ನು ಹೊಂದಿಸುವ ಸೌಲಭ್ಯ), ಏಕೆಂದರೆ ಕಾರ್ಡ್ ಏರುಪೇರಾಗಿ ಫ್ರೇಮ್ ಕೊಡುವಾಗಲೂ ಚಿತ್ರ ಮಧ್ಯದಲ್ಲಿ ಸೀಳಿದಂತಾಗುವುದನ್ನು ಅದು ತಪ್ಪಿಸುತ್ತದೆ. ಅಗ್ಗದ ಕಾರ್ಡ್ ಇರುವವರಿಗೇ ಇದರ ಅಗತ್ಯ ಹೆಚ್ಚು.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ‘1 ಎಂಎಸ್’ (ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಸಮಯ) ಮತ್ತು ‘ಎಚ್‌ಡಿಆರ್’ (ಬೆಳಕು-ಕತ್ತಲನ್ನು ಹೆಚ್ಚು ವ್ಯಾಪ್ತಿಯಲ್ಲಿ ತೋರಿಸುವ ಸೌಲಭ್ಯ) ಎರಡನ್ನೂ ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮೊದಲನೆಯದು ಪಿಕ್ಸೆಲ್ ಬೇಗ ಬದಲಾಗುವಂತೆ ಒತ್ತಾಯಿಸುವ ಓವರ್‌ಡ್ರೈವ್ ತುತ್ತತುದಿಗೆ ಏರಿಸಿದಾಗ ಸಿಗುವ ಅಂಕಿಯಾಗಿರುವುದೇ ಹೆಚ್ಚು, ಆ ಮಟ್ಟದಲ್ಲಿಟ್ಟರೆ ಓಡುವ ವಸ್ತುವಿನ ಹಿಂದೆ ಬಿಳಿಚಿಕೊಂಡ ನೆರಳು ಕಾಣಿಸಿಕೊಳ್ಳುತ್ತದೆ, ಮಧ್ಯದ ಮಟ್ಟವೇ ಚೆನ್ನ. ಎರಡನೆಯದಕ್ಕೆ ಪರದೆಯ ಭಾಗಭಾಗಗಳ ಬೆಳಕನ್ನು ಬೇರೆಬೇರೆಯಾಗಿ ತಗ್ಗಿಸುವ ವ್ಯವಸ್ಥೆ ಬೇಕು, ಈ ಬೆಲೆಯ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಅದೇ ಅಂಗಡಿಯಲ್ಲಿ ಕಂಡ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 180 ಹರ್ಟ್ಸ್ ಎಂದು ಚೀಟಿ ಅಂಟಿಸಿದ್ದ ಮಾನಿಟರ್ 60ರಲ್ಲೇ ಓಡುತ್ತಿತ್ತು, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಯಾರೂ ಅದನ್ನು ಬದಲಾಯಿಸಿರಲಿಲ್ಲ. ಮನೆಗೆ ತಂದ ಮೇಲೂ ಹೀಗೇ ಬಿಟ್ಟು, ಇಷ್ಟು ಹಣ ಕೊಟ್ಟರೂ ವ್ಯತ್ಯಾಸವೇ ಇಲ್ಲವೆಂದು ಕೊರಗುವವರಿದ್ದಾರೆ. ಕೇಬಲ್ ಕೂಡ ಮುಖ್ಯ. ಎಚ್‌ಡಿಎಂಐ 2.0ರಲ್ಲಿ 1440ಪಿಗೆ 144 ಹರ್ಟ್ಸ್ ಸಿಗುತ್ತದೆ, 180 ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಬಳಸಿ. ಹಳೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4ರಲ್ಲಿ 60ರ ಆಸುಪಾಸಿಗೇ ತೃಪ್ತಿಪಡಬೇಕು. ಪಿಎಸ್5 ಗೇಮ್ ಕನ್ಸೋಲ್ ಇರುವವರು ಚಿಂತಿಸಬೇಕಿಲ್ಲ, 2022ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ ಅದಕ್ಕೆ 1440ಪಿ ಬಂದಿದೆ. ಪಿಎಸ್4ಗೆ ಬಂದಿಲ್ಲ.

ಇನ್ನೊಂದು ಬಗೆಯವಾದ ಬಾಗಿದ ವಿಎ ಪ್ಯಾನೆಲ್‌ಗಳು ಇದೇ ಬೆಲೆಗೆ ಸಿಗುತ್ತವೆ. ಐಪಿಎಸ್‌ನಲ್ಲಿ ಕಾಂಟ್ರಾಸ್ಟ್ (ಬಿಳಿ-ಕಪ್ಪಿನ ಹೊಳಪಿನ ಅನುಪಾತ) ಸುಮಾರು 1000:1 ಇದ್ದರೆ ಅವುಗಳಲ್ಲಿ 3000:1ರಷ್ಟಿರುತ್ತದೆ, ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ಆ ಗಾಢ ಕಪ್ಪು ಖಂಡಿತ ಇಷ್ಟವಾಗುತ್ತದೆ. ಐಪಿಎಸ್ ಪರದೆಯ ಮೂಲೆಗಳಲ್ಲಿ ರಾತ್ರಿ ಕಾಣುವ ಮಬ್ಬು ಹೊಳಪು ನನಗೂ ಇಷ್ಟವಿಲ್ಲ. ಆದರೂ ಎಕ್ಸೆಲ್ ಹಾಳೆಯ ನೇರ ಗೆರೆಗಳು ಬಾಗಿದಂತೆ ಕಾಣುವುದು, ಕತ್ತಲ ದೃಶ್ಯಗಳಲ್ಲಿ ವಸ್ತುಗಳು ಕಪ್ಪು ಮಸಿ ಎಳೆದುಕೊಂಡು ಹೋದಂತಾಗುವುದು, ಇವೆರಡರ ದೆಸೆಯಿಂದ ಕೆಲಸಕ್ಕೂ ಆಟಕ್ಕೂ ನಾನು ಐಪಿಎಸ್ ಅನ್ನೇ ಆರಿಸುತ್ತೇನೆ. ಮನೆಯಲ್ಲಿರುವ 32 ಇಂಚಿನ ಟಿವಿಯನ್ನೇ ಮಾನಿಟರ್ ಮಾಡಿಕೊಂಡರೆ ಹೇಗೆ ಎಂದು ಹಲವರು ಕೇಳುತ್ತಾರೆ. ಅದು 1366×768ರ ಎಚ್‌ಡಿ ರೆಡಿ ಟಿವಿಯಾಗಿದ್ದರೆ ಇಂಚಿಗೆ 49 ಪಿಕ್ಸೆಲ್ ಮಾತ್ರ, ಓದುವ ಕೆಲಸಕ್ಕೆ ಅದು ಒಗ್ಗದು.

ಮೇಜಿನ ಅಳತೆಯನ್ನು ಮೊದಲೇ ತೆಗೆದುಕೊಳ್ಳಿ. 27 ಇಂಚಿನ ಪರದೆ ಸುಮಾರು 60 ಸೆಂಟಿಮೀಟರ್ ಅಗಲವಿರುತ್ತದೆ, ಕಣ್ಣಿನಿಂದ ಅಷ್ಟೇ ದೂರವಾದರೂ ಬೇಕು. ಅಗ್ಗದ ಮಾಡೆಲ್‌ಗಳ ಸ್ಟ್ಯಾಂಡ್ ಹಿಂದೆ ಮುಂದೆ ವಾಲುವುದನ್ನು ಬಿಟ್ಟರೆ ಎತ್ತರ ಬದಲಾಗುವುದಿಲ್ಲ. ಎತ್ತರ ಹೊಂದಿಸುವ ಸ್ಟ್ಯಾಂಡಿಗೆ ಸಾವಿರ, ಒಂದೂವರೆ ಸಾವಿರ ಹೆಚ್ಚಾದರೂ ಕೊಡಿ, ಕತ್ತುನೋವಿನ ಮುಂದೆ ಅದು ದೊಡ್ಡದಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಎಲ್ಲರಿಗೂ ಗೊತ್ತಿರುವುದರಿಂದ ಯುಪಿಎಸ್ ಬಗ್ಗೆ ಬೇರೆ ಹೇಳಬೇಕಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಕಡಿಮೆಗೆ ಸಿಗುತ್ತದೆ ಎನ್ನುವುದು ಕೆಲವೊಮ್ಮೆ ನಿಜ. 70 ಕಿಲೋಮೀಟರ್ ದೂರದಿಂದ ಇಷ್ಟು ದೊಡ್ಡ ಡಬ್ಬಿಯನ್ನು ನೂಕುನುಗ್ಗಲಿನ ರೈಲಿನಲ್ಲಿ ತರುವುದು, ದೋಷ ಕಂಡರೆ ಮತ್ತೆ ಹೊತ್ತೊಯ್ಯುವುದು, ಇದನ್ನೆಲ್ಲ ಲೆಕ್ಕ ಹಾಕಿದರೆ ಏಳೆಂಟು ನೂರು ರೂಪಾಯಿಯ ವ್ಯತ್ಯಾಸಕ್ಕೆ ಊರಿನ ಅಂಗಡಿಯೇ ಮೇಲು. ಅಲ್ಲೇ ಡಬ್ಬಿ ಬಿಚ್ಚಿಸಿ, ಪರದೆ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ತೋರಿಸಲು ಹೇಳಿ, ಸತ್ತ ಪಿಕ್ಸೆಲ್ ಇದ್ದರೆ ಆಗಲೇ ಬದಲಾಯಿಸಿಕೊಳ್ಳಿ. ಒಂದೆರಡು ಪಿಕ್ಸೆಲ್ ಸತ್ತರೆ ವಾರಂಟಿಯಲ್ಲಿ ಪರದೆ ಬದಲಿಸಿಕೊಡಲೇಬೇಕೆಂಬ ನಿಯಮವನ್ನು ಎಲ್ಲ ಕಂಪನಿಗಳೂ ಇಟ್ಟುಕೊಂಡಿಲ್ಲ. ವಾರಂಟಿ ಮೂರು ವರ್ಷದ್ದೇ, ರಿಪೇರಿಗೆ ಮನೆಗೆ ಬರುತ್ತಾರೆಯೇ ಅಥವಾ ನಾವೇ ಬೆಂಗಳೂರಿಗೆ ಕಳುಹಿಸಬೇಕೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡು, ಡಬ್ಬಿಯನ್ನೂ ಥರ್ಮಾಕೋಲನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಜೋಪಾನವಾಗಿಡಿ.